ನನ್ನ ಬರ್ಗರನ್ನು ಮಣ್ಣು ಮಾಡಿದ ಇನ್ಸ್‌ಪೆಕ್ಟರ್ ಸಾಹೇಬರಿಗೆ

ಶ್ರೀಮಾನ್ ಇನ್ಸ್‌ಪೆಕ್ಟರ್ ಸಾಹೇಬರಿಗೆ,
ದರ್ಜಿಯವರ ನಾಯಿ,
ಬಿಸಿಲಿದ್ದಾಗ: ಕೆಳಮನೆಯ ಮೂರನೇ ಮೆಟ್ಟಿಲು,
ಬಿಸಿಲಿಲ್ಲದಾಗ: ಹೊಲಿಗೆ ಯಂತ್ರದ ಅಡಿ.

ವಿಷಯ: ಕಳೆದ ಭಾನುವಾರ ಹಿತ್ತಿಲಿನಲ್ಲಿ ತಾವು ನೆರವೇರಿಸಿದ ಅಂತ್ಯಕ್ರಿಯೆಯ ಕುರಿತು.

ಮಾನ್ಯರೇ,

ತಮ್ಮ ನಾಲ್ಕು ಪಾದಗಳಿಗೂ ಒಂದೊಂದು ನಮಸ್ಕಾರವನ್ನೂ, ಬಾಲಕ್ಕೆ ಐದನೆಯದೊಂದನ್ನು ಮುಂಗಡವಾಗಿಯೂ ಸಲ್ಲಿಸಿ, ಕಿವಿಯ ಹಿಂದಿನ ತುರಿಕೆ ಈಗ ಹೇಗಿದೆಯೆಂದು ವಿಚಾರಿಸುತ್ತಾ, ಮೇಲ್ಮನೆಯ ನಿವಾಸಿಯೂ, ವೆಲ್ಡರ್ ದೊಡ್ಡಪ್ಪನ ತಮ್ಮನ ಮಗನೂ, ಈ ವಠಾರದಲ್ಲಿ ಯಾರ ಮನೆಯ ಕರೆಗಂಟೆ ತಾನಾಗಿ ಬಡಿದುಕೊಂಡರೂ ಮೊದಲ ಅನುಮಾನಕ್ಕೆ ಪಾತ್ರನಾಗುವವನೂ ಆದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ.

ಪತ್ರ ಬಹಿರಂಗವಾಗಿರುವುದಕ್ಕೆ ಕ್ಷಮೆಯಿರಲಿ. ತಾವು ಮಾಡಿದ್ದೂ ಮುಚ್ಚಿದ ಬಾಗಿಲ ಹಿಂದೆ ಅಲ್ಲವಲ್ಲ. ಹಾಡಹಗಲೇ, ಹಿತ್ತಿಲಿನ ನಡುವೆ, ಹದಿನಾರು ಜನ ಕಾಗದದ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾಗ. ನಾನು ಕೈಯಾರೆ ಮಸಾಲೆ ಬೆರೆಸಿ, ತಟ್ಟಿ, ಕೆಂಡದ ಮೇಲೆ ಸುಟ್ಟ ಬರ್ಗರ್ ಬಿಲ್ಲೆಯೊಂದನ್ನು ತಮ್ಮ ಮುಂದಿಟ್ಟೆ. ತಾವು ಮೂಸಿದಿರಿ. ನನ್ನ ಮುಖ ನೋಡಿದಿರಿ. ಮತ್ತೊಮ್ಮೆ ಮೂಸಿದಿರಿ. ಆಮೇಲೆ ಬೆನ್ನು ತಿರುಗಿಸಿ, ಹಿಂಗಾಲುಗಳಿಂದ ಚೆನ್ನಾಗಿ ಮಣ್ಣು ಕೆದರಿ, ಅದನ್ನು ಮುಚ್ಚಿಬಿಟ್ಟಿರಿ. ತಾವು ಬೇರೆ ಯಾವ ಸಂದರ್ಭದಲ್ಲಿ ಹೀಗೆ ಮಣ್ಣು ಕೆದರುತ್ತೀರಿ ಎಂಬುದು ವಠಾರದ ಕೂಸುಗಳಿಗೂ ಗೊತ್ತಿರುವ ಸಂಗತಿಯಾದ್ದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ, ಅವರಿಗೆ ರುಚಿ ಗೊತ್ತಿಲ್ಲ ಎಂದು ಮೂಗು ಮುರಿದು ಸುಮ್ಮನಾಗಬಹುದಿತ್ತು. ಆದರೆ ತಮ್ಮ ನಾಲಿಗೆಯ ಔದಾರ್ಯಕ್ಕೆ ಎಲ್ಲೆಯೇ ಇಲ್ಲ. ಅಂಚೆಯಣ್ಣನ ಎಡಗಾಲಿನ ಚಪ್ಪಲಿಯನ್ನು ಉಂಗುಷ್ಟವನ್ನೂ ಬಿಡದೆ ಉಂಡವರು ತಾವು. ದರ್ಜಿಯವರ ಅಳತೆ ಟೇಪಿನ ಮೊದಲ ಹದಿಮೂರು ಇಂಚುಗಳನ್ನು ನುಂಗಿ, ಅವರು ಇವತ್ತಿಗೂ ಪ್ರತಿಯೊಬ್ಬ ಗಿರಾಕಿಯ ಸೊಂಟದಿಂದ ಹದಿಮೂರು ಕಳೆಯುತ್ತಾ ಕೂರುವಂತೆ ಮಾಡಿದವರು ತಾವು. ಒಂದಿಡೀ ಬಟ್ಟೆ ಸೋಪನ್ನು ಮುಗಿಸಿ, ಮಧ್ಯಾಹ್ನವೆಲ್ಲ ಬಾಯಿಂದ ಗುಳ್ಳೆ ಬಿಡುತ್ತಾ, ಆದರೂ ಮಾಡಿದವರ ಬಗ್ಗೆ ಒಂದು ಕೆಟ್ಟ ಮಾತಾಡದೆ ಮಲಗಿದವರು ತಾವು. ಇಂಥ ಮಹನೀಯರಿಂದ ಬಟ್ಟೆ ಸೋಪಿಗೆ ಸಿಕ್ಕ ಮರ್ಯಾದೆ ನನ್ನ ಕೈಯಡುಗೆಗೆ ಸಿಗಲಿಲ್ಲವೆಂದರೆ, ಆ ರಾತ್ರಿ ಕನ್ನಡಿಯ ಮುಂದೆ ನಿಲ್ಲಲು ನನಗೆ ಎಷ್ಟು ಸಂಕೋಚವಾಗಿರಬೇಡ, ತಾವೇ ಯೋಚಿಸಿ.

ಓದುವ ಇತರರ ಸಲುವಾಗಿ ತಮಗೆ ತಿಳಿದದ್ದನ್ನೇ ಸ್ವಲ್ಪ ಹೇಳಬೇಕಾಗಿದೆ. ನಮ್ಮ ಹಿತ್ತಿಲಿನ ಗ್ರಿಲ್ಲು ಅಂಗಡಿಯಿಂದ ತಂದದ್ದಲ್ಲ. ದೊಡ್ಡಪ್ಪ ಹಳೆಯ ಪೀಪಾಯಿಯೊಂದನ್ನು ಉದ್ದಕ್ಕೆ ಸೀಳಿ, ನಾಲ್ಕು ಕಾಲು ಬೆಸೆದು, ಕಂಬಿಗಳನ್ನು ಒಂದೊಂದಾಗಿ ಉಜ್ಜಿ ಜೋಡಿಸಿ ಮಾಡಿದ್ದು. ತಿಂಗಳಿಗೊಂದು ಭಾನುವಾರ ಅದರ ಮೇಲೆ ವಠಾರಕ್ಕೆಲ್ಲ ಬರ್ಗರ್. ಅವರ ಮಸಾಲೆ ಶಾಸ್ತ್ರ ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದರೂ ಜಾಗ ಉಳಿಯುವಷ್ಟು: ಕೊಚ್ಚಿದ ಮಾಂಸವನ್ನು ಹೆಚ್ಚು ಹಿಸುಕಬಾರದು, ಬಿಲ್ಲೆ ತಟ್ಟಿ ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಬೇಕು, ಉಪ್ಪು ಮತ್ತು ಕಾಳುಮೆಣಸಿನ ಪುಡಿಯನ್ನು ಕೆಂಡಕ್ಕೆ ಇಡುವ ಗಳಿಗೆಯಲ್ಲಿ ಮೇಲೆ ಉದುರಿಸಬೇಕು. "ಉಪ್ಪು ಅದರ ಮೈಮೇಲಿರ್ಬೇಕು ಕಣೋ, ಹೊಟ್ಟೆಯೊಳಗಲ್ಲ. ಮೊದ್ಲೇ ಕಲಸಿಟ್ರೆ ರಬ್ಬರ್ ಆಗುತ್ತೆ" ಎಂದು ಅವರು ನನಗೆ ಹೇಳಿದ್ದು ಎಷ್ಟು ಸಲವೋ, ನಾನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟದ್ದೂ ಅಷ್ಟೇ ಸಲ.

ಇದಕ್ಕೆಲ್ಲ ಮೊದಲು ಇನ್ನೊಂದು ಕೆಲಸವಿದೆ. ನಾಣ್ಯದಗಲದ ಒಂದು ತುಂಡನ್ನು, ಅದೇ ಡಬ್ಬಿಗಳ ಉಪ್ಪು ಮೆಣಸು ಹಾಕಿ, ಪುಟ್ಟ ಬಾಣಲೆಯಲ್ಲಿ ಸುಟ್ಟು, ಅರ್ಧ ದೊಡ್ಡಪ್ಪನ ಬಾಯಿಗೆ, ಅರ್ಧ ತಮ್ಮ ಬಾಯಿಗೆ. ಒಂಬತ್ತು ವರ್ಷಗಳಿಂದ ತಮ್ಮ ಬಾಲ ಆಡದೆ ಒಂದೇ ಒಂದು ಬಿಲ್ಲೆಯೂ ಕೆಂಡ ಕಂಡದ್ದಿಲ್ಲ. ಇನ್ಸ್‌ಪೆಕ್ಟರ್ ಎಂಬ ಹೆಸರು ತಮಗೆ ಬಂದದ್ದು ಹಾಗೆ.

ಈಗ ದೊಡ್ಡಪ್ಪನ ಬಲಭುಜ ಹಿಡಿದುಕೊಂಡಿದೆ. ಕೈ ಎದೆಮಟ್ಟಕ್ಕಿಂತ ಮೇಲೇಳುವುದಿಲ್ಲ. ಇಪ್ಪತ್ನಾಲ್ಕು ಬಿಲ್ಲೆ ಮಗುಚುವುದಂತೂ ದೂರದ ಮಾತು. ಆದ್ದರಿಂದ ಅವರ ಸಟ್ಟುಗ ಇನ್ನೊಬ್ಬರ ಕೈಗೆ ಹೋಗಬೇಕು, ಇಲ್ಲವೇ ಪೀಪಾಯಿ ಗುಜರಿಗೆ ಹೋಗಬೇಕು. ನಾನು ಎರಡು ವಾರ ಅವರ ಹಿಂದೆ ಬಿದ್ದೆ. ನನ್ನ ಹಿನ್ನೆಲೆ ತಮಗೆ ಗೊತ್ತು: ಈ ವಠಾರದಲ್ಲಿ ಬಲ್ಬು ಬದಲಿಸುವಾಗ ಏಣಿ ಹಿಡಿದುಕೊಳ್ಳಲೂ ನನ್ನನ್ನು ಕರೆಯುವುದಿಲ್ಲ, ಹತ್ತಿದವರು ಇಳಿಯುವವರೆಗೆ ನಾನು ಅಲ್ಲೇ ಇರುತ್ತೇನೆಂಬ ನಂಬಿಕೆ ಯಾರಿಗೂ ಇಲ್ಲ. ಜೀವಮಾನದಲ್ಲಿ ಒಂದು ಸಲವಾದರೂ ಯಾರಾದರೂ ಏನನ್ನಾದರೂ ನನ್ನ ಕೈಗೆ ಕೊಟ್ಟು, ಆಮೇಲೆ ತಿರುಗಿ ನೋಡದೆ ಹೋಗಬೇಕು ಎಂಬುದು ನನ್ನ ಆಸೆ. ಕೊನೆಗೆ ದೊಡ್ಡಪ್ಪ, "ಒಂದು ಭಾನುವಾರ ಕೊಡ್ತೀನಿ. ತಮಾಷೆ ಗಿಮಾಷೆ ಬೇಡ. ಸರಿಹೋದ್ರೆ ಸಟ್ಟುಗ ನಿಂದೇ" ಅಂದರು.

ಮಾನ್ಯರೇ, ನಾನು ತಮಾಷೆ ಮಾಡಲಿಲ್ಲ. ದುರಂತ ಇರುವುದೇ ಅಲ್ಲಿ. ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಶ್ರದ್ಧೆಯಿಂದ ಕೆಲಸ ಮಾಡಿದೆ, ಮತ್ತು ಶ್ರದ್ಧೆ ನನ್ನಂಥವರ ಕೈಗೆ ಸಿಕ್ಕರೆ ಎಷ್ಟು ಅಪಾಯಕಾರಿ ಎಂಬುದನ್ನು ಲೋಕಕ್ಕೆ ತೋರಿಸಿದೆ. ಬರೀ ಉಪ್ಪು ಮೆಣಸಿನಿಂದ ನನ್ನ ಪ್ರತಿಭೆ ಎದ್ದು ಕಾಣುವುದಿಲ್ಲವೆಂದು ಶನಿವಾರವೇ ಬೆಳ್ಳುಳ್ಳಿ, ಸಾಸಿವೆ ಪುಡಿ, ಹೊಗೆ ಹಾಕಿದ ಮೆಣಸಿನಕಾಯಿ ಪುಡಿ, ಎರಡು ಬಗೆಯ ಒಣಸೊಪ್ಪು, ಟೊಮೆಟೊ ಸಾಸ್, ಸಕ್ಕರೆ, ಮತ್ತು ಒಂದು ಚಿಟಿಕೆ ಕಾಫಿಪುಡಿಯನ್ನು ಸುರಿದು (ಕಾಫಿಪುಡಿ ಯಾಕೆ ಎಂದು ಕೇಳಬೇಡಿ, ನಾನೂ ಆ ಉತ್ತರಕ್ಕಾಗಿಯೇ ಕಾಯುತ್ತಿದ್ದೇನೆ), ಉಪ್ಪನ್ನೂ ಆಗಲೇ ಬೆರೆಸಿ, ಮಾಂಸ ಬೇಡಬೇಡವೆಂದರೂ ಬಿಡದೆ ಅರ್ಧ ಗಂಟೆ ನಾದಿದೆ. ದೊಡ್ಡಪ್ಪ ಹೇಳಿದ ರಬ್ಬರ್ ಬೆಳಗಾಗುವಷ್ಟರಲ್ಲಿ ಸಿದ್ಧವಾಗಿತ್ತು. ಬಿಲ್ಲೆ ತಟ್ಟುವಾಗ ಒಂದು ಕೈಜಾರಿತು. ನೆಲಕ್ಕೆ ಬಡಿದು, ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ವಾಪಸು ಬಂತು. ನಾನು ಅದನ್ನು ಶುಭಶಕುನವೆಂದುಕೊಂಡೆ.

ಇನ್ನು ಈರುಳ್ಳಿ. ಹನ್ನೆರಡು ಈರುಳ್ಳಿ ಹೆಚ್ಚಬೇಕಿತ್ತು. ಗಂಭೀರ ಅಡುಗೆಯವನು ಅಳಬಾರದೆಂದು ಕಣ್ಣಿಗೆ ಈಜುವ ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡೆ. ಆ ವೇಷದಲ್ಲೇ ಕೈಗೆ ಸಿಕ್ಕ "ಕಾಳುಮೆಣಸು" ಎಂಬ ಚೀಟಿಯ ಡಬ್ಬಿಯಿಂದ ಮೂರು ಚಮಚ, ಅದೂ ಗೋಪುರ ಕಟ್ಟಿ, ಬಿಲ್ಲೆಗಳ ಮೇಲೆ ಸುರಿದೆ. ಅಕ್ಕ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ನನಗೆ ಅರ್ಥವಾಗಬೇಕಿತ್ತು.

ಉಳಿದದ್ದು ರುಚಿ ನೋಡುವ ತುಂಡು. ದೊಡ್ಡಪ್ಪ ಪುಟ್ಟ ಬಾಣಲೆ ಚಾಚಿದರು. ನಾನು ಅದನ್ನು ಪಕ್ಕಕ್ಕೆ ಸರಿಸಿ, "ಬಿಡಿ ದೊಡ್ಡಪ್ಪ, ಚಿತ್ರ ಬರೆಯೋನು ನಾಯಿ ಹತ್ರ ರುಜು ಹಾಕಿಸ್ಕೊಂಡು ಬರ್ತಾನಾ?" ಅಂದೆ. ಮೂರನೇ ಮೆಟ್ಟಿಲ ಮೇಲೆ ಕುಳಿತಿದ್ದ ತಾವು ಅದನ್ನು ಕೇಳಿಸಿಕೊಂಡಿರಿ. ಎಂದಿನಂತೆ ತಮ್ಮ ಅರ್ಧ ಬರುತ್ತದೆಂದು ಎದ್ದು ನಿಂತಿದ್ದವರು ಮತ್ತೆ ಕುಳಿತದ್ದನ್ನು ನಾನು ನೋಡಿದೆ. ನೋಡಿಯೂ ನೋಡದಂತೆ ಸಟ್ಟುಗ ತಿರುಗಿಸಿದೆ.

ಮುಂದಿನದಕ್ಕೆ ತಾವೇ ಸಾಕ್ಷಿ. ಮೊದಲ ತುತ್ತಿಗೆ ಎಲ್ಲರೂ ಸುಮ್ಮನಾದರು, ಎರಡನೆಯದಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ರುಚಿಗೆ ಮನಸೋತರೆಂದು ನಾನು ಸಟ್ಟುಗವನ್ನು ಸೊಂಟಕ್ಕೆ ಸಿಕ್ಕಿಸಿ, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು ನಿಂತೆ. ಆಮೇಲೆ ದರ್ಜಿಯವರು ತಮ್ಮನ್ನು ಕರೆಯಲು ಶಿಳ್ಳೆ ಹಾಕಹೋದರು. ತುಟಿಯಿಂದ ಬರೀ ಗಾಳಿ ಬಂತು. ಅವರ ತುಟಿ ಜೋಮು ಹಿಡಿದಿತ್ತು. ಎಲ್ಲರ ತುಟಿಯೂ. ವಾರದಿಂದ ಹಲ್ಲುನೋವೆಂದು ಕೆನ್ನೆ ಹಿಡಿದು ಓಡಾಡುತ್ತಿದ್ದ ಅಂಚೆಯಣ್ಣ ಒಬ್ಬರೇ ಎರಡು ಬರ್ಗರ್ ಮುಗಿಸಿ, ಕಣ್ಣಲ್ಲಿ ನೀರು ತಂದುಕೊಂಡು, "ನೋವೇ ಇಲ್ಲ ಕಣಪ್ಪ! ನೀನು ಅಡುಗೆಯವನಲ್ಲ, ಡಾಕ್ಟ್ರು!" ಎಂದು ನನ್ನ ಕೈ ಕುಲುಕಿದರು. ಅವತ್ತು ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಡಬ್ಬಿಯಲ್ಲಿದ್ದದ್ದು ಲವಂಗದ ಪುಡಿ. ಚೀಟಿ ಬದಲಿಸಿದವನು, ಮಾನ್ಯರೇ, ನಾನೇ. ನಾಲ್ಕು ತಿಂಗಳ ಹಿಂದೆ ಅಕ್ಕನನ್ನು ಬೇಸ್ತು ಬೀಳಿಸಲೆಂದು, ಬಣ್ಣ ಹೆಚ್ಚುಕಡಿಮೆ ಒಂದೇ ಎಂದು ಆರಿಸಿ ಆರಿಸಿ, ಆ ಎರಡು ಡಬ್ಬಿಗಳ ಚೀಟಿಗಳನ್ನು ಅದಲುಬದಲು ಮಾಡಿ, ಫಲಕ್ಕಾಗಿ ಎರಡು ದಿನ ಕಾದು, ಮರೆತುಬಿಟ್ಟಿದ್ದೆ. ಅಕ್ಕ ಅಂದೇ ಮೂಸಿ ಕಂಡುಹಿಡಿದಿದ್ದಳಂತೆ. ಚೀಟಿ ಸರಿಪಡಿಸದೆ, ತುಟಿ ಪಿಟಕ್ಕೆನ್ನದೆ, ನಾಲ್ಕು ತಿಂಗಳು ಮೂಗಿನಿಂದಲೇ ಅಡುಗೆ ಮಾಡಿದ್ದಳಂತೆ, ದೊಡ್ಡಪ್ಪನ ಭಾನುವಾರಗಳಿಗೂ ಮೆಣಸನ್ನು ಮೂಸಿಯೇ ಕೊಟ್ಟಿದ್ದಳಂತೆ. "ಯಾವತ್ತು ಬೀಳ್ತೀಯಾ ಅಂತ ಕಾಯ್ತಿದ್ದೆ ಕಣೋ. ಮೂಗಿಗೆ ಕ್ಲಿಪ್ ಹಾಕ್ಕೊಂಡು ಬೀಳ್ತೀಯಾ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ" ಎಂದು, ಜೋಮು ಹಿಡಿಯದ ತುಟಿಗಳಿಂದ, ಏಕೆಂದರೆ ಅವಳು ಬರೀ ಬನ್ನು ತಿಂದಿದ್ದಳು, ಸ್ಪಷ್ಟವಾಗಿ ಹೇಳಿದಳು. ಇಡೀ ವಠಾರದಲ್ಲಿ ಆ ಹೊತ್ತಿಗೆ ನಗಲು ಶಕ್ತಿಯಿದ್ದವಳು ಅವಳೊಬ್ಬಳೇ. ಎಲ್ಲರ ಪರವಾಗಿ ಅವಳೇ ನಕ್ಕಳು.

ತಾವು ಮಣ್ಣು ಮುಚ್ಚಿದ ಜಾಗವನ್ನು ದೊಡ್ಡಪ್ಪ ಒಂದು ಗಳಿಗೆ ನೋಡಿ, ನನ್ನ ಸೊಂಟದಿಂದ ಸಟ್ಟುಗ ತೆಗೆದುಕೊಂಡು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಲು ಹೋದರು. ಬಲಗೈ ಅಲ್ಲಿಗೆ ಎಟುಕಲಿಲ್ಲ. ಎಡಗೈಗೆ ಬದಲಿಸಿಕೊಂಡು, ಹಿಮ್ಮಡಿ ಎತ್ತಿ, ಎರಡನೇ ಸಲಕ್ಕೆ ಸಿಕ್ಕಿಸಿದರು. ನೆರವಿಗೆ ಹೋಗಲು ನನಗೆ ಮುಖವಿರಲಿಲ್ಲ.

ಇಂತಿರುವಾಗ, ತಮ್ಮ ಘನ ಸನ್ನಿಧಾನದಲ್ಲಿ ನನ್ನ ಕೋರಿಕೆಗಳು ಹೀಗಿವೆ. ನನ್ನ ಬಿಲ್ಲೆಯನ್ನು ತಿರಸ್ಕರಿಸಿದ್ದಕ್ಕೆ ಕಾರಣಗಳನ್ನು ಮುಂಗಾಲಿನ ಮೊಹರಿನೊಂದಿಗೆ ಲಿಖಿತವಾಗಿ ಕೊಡಬೇಕು, ಮತ್ತು ಅದರಲ್ಲಿ ಲವಂಗಕ್ಕೆ ಎಷ್ಟು ಪಾಲು, ಕಾಫಿಪುಡಿಗೆ ಎಷ್ಟು, ನನ್ನ ಅಹಂಕಾರಕ್ಕೆ ಎಷ್ಟು ಎಂದು ಬೇರೆಬೇರೆ ನಮೂದಿಸಬೇಕು. ಸೋಪಿನಲ್ಲಿ ತಾವು ಕಂಡ ಗುಣವಿಶೇಷಗಳ ಬಗ್ಗೆ ನನಗೊಂದು ಉಪನ್ಯಾಸ ಕೊಡಬೇಕು. ನಾನು ನೆಲದ ಮೇಲೆ ಕುಳಿತು ಕೇಳುತ್ತೇನೆ. ಸಾಧ್ಯವಾದರೆ ಕಳೆದ ಭಾನುವಾರವನ್ನು ಅಗೆದು ತೆಗೆದು ಬೇರೆಲ್ಲಾದರೂ ಹೂತುಬಿಡಬೇಕು, ಆ ಕಲೆಯಲ್ಲಿ ತಮಗೆ ಸಮನಾದವರಿಲ್ಲ.

ಇವೆಲ್ಲ ಆಗದಿದ್ದರೂ ಚಿಂತೆಯಿಲ್ಲ. ನಿಜವಾದ ಕೋರಿಕೆ ಒಂದೇ. ಮಂಗಳವಾರ ನಾನು ದೊಡ್ಡಪ್ಪನ ಬಳಿ ಹೋಗಿ, ಇನ್ನೊಂದೇ ಒಂದು ಭಾನುವಾರ ಎಂದು ತಲೆ ತಗ್ಗಿಸಿ ನಿಂತೆ. ಅವರು ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾ, "ನನ್ನನ್ನೇನು ಕೇಳ್ತೀಯಾ? ಅವನ್ನ ಕೇಳು. ಅವನು ಬಾಲ ಆಡಿಸಿದ್ರೆ ಸಟ್ಟುಗ ನಿಂದು. ಇಲ್ಲಾಂದ್ರೆ ಪೀಪಾಯಿ ಗುಜರಿಗೆ" ಅಂದುಬಿಟ್ಟರು. ಅವರು ಹೇಳಿದ "ಅವನು" ತಾವೇ. ಹೀಗೆ ನನ್ನ ಭವಿಷ್ಯವೂ, ಒಂಬತ್ತು ವರ್ಷದ ಆ ಗ್ರಿಲ್ಲಿನ ಆಯುಷ್ಯವೂ ಈಗ ತಮ್ಮ ಬೆನ್ನಿನ ತುದಿಗೆ ಅಂಟಿಕೊಂಡಿವೆ.

ಆದ್ದರಿಂದ ಬರುವ ಭಾನುವಾರ ದಯಮಾಡಿಸಬೇಕು. ಮಾಂಸವನ್ನು ಹಿಸುಕುವುದಿಲ್ಲ. ನಡುವೆ ಗುಳಿ ಒತ್ತುತ್ತೇನೆ. ಉಪ್ಪು, ಕಾಳುಮೆಣಸು, ಅಷ್ಟೇ, ಅದೂ ಕೊನೇ ಗಳಿಗೆಯಲ್ಲಿ, ಮೇಲೆ. ಡಬ್ಬಿಯ ಚೀಟಿ ಸರಿಪಡಿಸಿದ್ದೇನೆ. ಆದರೂ ಮುಚ್ಚಳ ತೆಗೆದು, ಕ್ಲಿಪ್ಪಿಲ್ಲದ ಮೂಗಿನಿಂದ ಮೂಸಿಯೇ ಹಾಕುತ್ತೇನೆ. ಎಲ್ಲಕ್ಕಿಂತ ಮೊದಲು ಪುಟ್ಟ ಬಾಣಲೆ, ನಾಣ್ಯದಗಲದ ತುಂಡು, ಅರ್ಧ ದೊಡ್ಡಪ್ಪನಿಗೆ, ಅರ್ಧ ತಮಗೆ. ಅರ್ಧ ಸಾಲದೆನಿಸಿದರೆ, ಹೋದ ಸಲ ತಾವು ಎದ್ದು ನಿಂತು ಮತ್ತೆ ಕುಳಿತದ್ದಕ್ಕಾಗಿ ಇನ್ನೊಂದರ್ಧ. ಅದಕ್ಕೆ ಬಾಲ ಆಡಿಸಲೇಬೇಕೆಂಬ ಬಲವಂತವಿಲ್ಲ.

ಮಣ್ಣು ಕೆದರದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಾ,

ತಮ್ಮ ವಿಶ್ವಾಸಿ,
ಚಿತ್ರಕಾರ (ರುಜುವಿಗಾಗಿ ಸಾಲಿನಲ್ಲಿ ನಿಂತಿರುವವನು)

ತಾ.ಕ.: ಈ ಪತ್ರದ ಮೊದಲ ಪ್ರತಿಯನ್ನು ತಮ್ಮ ಕಣ್ಣಿಗೆ ಬೀಳಲೆಂದು ನಿನ್ನೆ ಗೇಟಿನ ಕೆಳಗಡೆ ಮೈದಾಹಿಟ್ಟಿನ ಅಂಟಿನಿಂದ ಹಚ್ಚಿದ್ದೆ. ತಾವು ಅದನ್ನು, ವಿಷಯದಿಂದ ರುಜುವಿನವರೆಗೆ, ಒಂದಕ್ಷರ ಬಿಡದೆ ತಿಂದು, ಗೇಟನ್ನೂ ನೆಕ್ಕಿ, ಬಾಲ ಆಡಿಸಿದಿರಂತೆ. ಅದರಲ್ಲಿ ಉಪ್ಪೂ ಇರಲಿಲ್ಲ, ಮೆಣಸೂ ಇರಲಿಲ್ಲ, ಅದನ್ನು ನಾನು ನಾದಿಯೂ ಇರಲಿಲ್ಲ. ಮಹಡಿಯಿಂದ ನೋಡುತ್ತಿದ್ದ ದೊಡ್ಡಪ್ಪ, "ಅಂತೂ ನಿನ್ನ ಕೈಯಿಂದ ಆಗಿದ್ದು ಒಂದನ್ನ ತಿಂದ್ನಲ್ಲೋ. ಭಾನುವಾರ ಬೇಗ ಬಾ, ಕೆಂಡ ಮಾಡ್ಬೇಕು" ಅಂದು ಒಳಗೆ ಹೋದರು. ತಿರುಗಿ ನೋಡಲಿಲ್ಲ.