ಅತ್ತೆ ಸಮುದ್ರದ ತಳಕ್ಕೆ ಹೋದದ್ದು

ಅರಬ್ಬಿ ಸಮುದ್ರವನ್ನು ಎಂಟು ವರ್ಷ ಒಗೆದು, ಹಿಂಡಿ, ಹಗ್ಗದ ಮೇಲೆ ಒಣಹಾಕಿದ ಏಕೈಕ ಮಹಿಳೆ ನಮ್ಮ ಸೋದರತ್ತೆ. ನಂಬದವರು ಗೋವಾದ ಪರ್ವರಿಗೆ ಬಂದು ವಿಚಾರಿಸಬಹುದು. ಅಲ್ಲಿನ ಒಂದು ಗೆಸ್ಟ್ ಹೌಸಿನಲ್ಲಿ ಕಸ, ಪಾತ್ರೆ, ಬಟ್ಟೆ ಎಲ್ಲ ಆಕೆಯದೇ; ಕೆಲಸದಾಕೆಯನ್ನು ಕರೆಯುವಂತೆ ಆಕೆಯನ್ನೂ ಎಲ್ಲರೂ 'ಬಾಯಿ' ಎಂದೇ ಕರೆಯುತ್ತಾರೆ. ಸ್ಕೂಬಾ ಡೈವಿಂಗಿಗೆಂದು ದ್ವೀಪಕ್ಕೆ ಹೋದ ಅತಿಥಿಗಳು ಸಂಜೆ ಬಂದು ತೊಯ್ದ ಬಟ್ಟೆಗಳನ್ನು ಬಕೆಟ್ಟಿಗೆ ಎಸೆಯುತ್ತಾರೆ. ಅದರಲ್ಲಿನ ಉಪ್ಪು, ಮರಳು, ಪಾಚಿ ಎಲ್ಲಕ್ಕೂ ಅತ್ತೆಯೇ ವಾರಸುದಾರಳು.

ಈಚೆಗೆ ಒಂದು ದಿನ ಅತಿಥಿ ಗಂಡಹೆಂಡತಿ ಇಬ್ಬರಿಗೂ ಜ್ವರ ಬಂತು. ಮರುದಿನದ ಡೈವಿಂಗಿಗೆ ಕಾದಿರಿಸಿದ್ದ ಎರಡು ಜಾಗಗಳನ್ನು ಅವರು ಅತ್ತೆಗೆ ಕೊಟ್ಟುಬಿಟ್ಟರು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಅತ್ತೆ ಕೊರ್ಲಿಮ್‌ನ ಕಾರ್ಖಾನೆಯಲ್ಲಿದ್ದ ನನಗೆ ಫೋನ್ ಮಾಡಿದಳು.

"ತಮ್ಮಾ, ನಾಳಿ ರಜಾ ಹಾಕು. ಸಮುದ್ರದಾಗ ಇಳಿಯೂದೈತಿ."

"ಅತ್ತಿ, ನಿನಗ ಈಜಾಕ ಬರ್ತೈತೇನು?"

"ಈಜಾಕ ಯಾರು ಹೊಂಟಾರ? ಮುಳುಗಾಕ ಹೊಂಟೇವಿ. ಎಂಟು ವರ್ಷ ಈ ಮಂದಿ ತಂದ ಉಸುಕು ತೊಳದೇನಿ. ಎಲ್ಲಿಂದ ತರ್ತಾರಂತ ಒಮ್ಮಿ ನೋಡೂದ ಬ್ಯಾಡೇನು?"

ಈ ವಾದಕ್ಕೆ ಉತ್ತರ ಇದ್ದರೆ ನನಗೂ ತಿಳಿಸಿ.

ಮರುದಿನ ದೋಣಿಯಲ್ಲಿ ನಮ್ಮ ಜೊತೆ ಆರು ಜನ ಪ್ರವಾಸಿಗರಿದ್ದರು. ಡೈವಿಂಗ್ ಕಲಿಸುವವನು ಕಾರವಾರದ ಕಡೆಯವನು, ಕನ್ನಡ ಬಲ್ಲವನು. ಅತ್ತೆಯನ್ನು ಆ ಕಡೆಯವರು ಚಿಕ್ಕಮ್ಮನನ್ನು ಕರೆಯುವಂತೆ ಮೌಶಿ ಎಂದು ಕರೆದು, ಕೈಯಲ್ಲಿ ಒಂದು ಫಾರಂ ಹಿಡಿದು ಪಕ್ಕ ಕುಳಿತ.

"ಮೌಶಿ, ಉಸಿರಾಟದ ತೊಂದರೆ ಇದೆಯಾ?"

"ಐತ್ರಿ. ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಎರಡನೇ ಮಾಳಿಗಿ ಹತ್ತುಮುಂದ."

ಅವನು ಸ್ವಲ್ಪ ಯೋಚಿಸಿ "ಇಲ್ಲ" ಎಂದು ಬರೆದುಕೊಂಡ.

ಆಮೇಲೆ ರಬ್ಬರಿನ ಉಡುಪು ಕೊಟ್ಟ. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. "ಇದನ್ನ ಯಾರು ತೊಳದಾರ? ಕಂಕಳದಾಗ ಉಪ್ಪು ಹಂಗ ಐತಿ." ದೋಣಿಯಲ್ಲಿದ್ದ ಸಿಹಿನೀರಿನ ಡ್ರಮ್ಮಿನಲ್ಲಿ ತನ್ನದಷ್ಟೇ ಅಲ್ಲ, ಎಂಟೂ ಜನರ ಉಡುಪನ್ನು ಮತ್ತೆ ಜಾಲಿಸಿದಳು. ಎಲ್ಲರೂ ಚಡ್ಡಿಯಲ್ಲಿ ಸಾಲಾಗಿ ಕುಳಿತು, ಒಗೆತ ಮುಗಿಯುವುದನ್ನು ಕಾದೆವು. ಕೊನೆಗೆ ಅತ್ತೆ ತನ್ನದನ್ನು ತೊಟ್ಟು, ಅದರ ಮೇಲೊಂದು ಟವೆಲ್ಲಿನಂಥ ವಲ್ಲಿ ಹೊದ್ದು, ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡೈವಿಂಗ್ ಗುರು ಬೇಡವೆಂದ. ಅತ್ತೆ ಕೇಳಿಸಿಕೊಳ್ಳಲಿಲ್ಲ.

ನೀರಿನಡಿ ಮಾತಿಲ್ಲ, ಬರೀ ಕೈಸನ್ನೆ ಎಂದು ಅವನು ವಿವರಿಸಿದ. ಎಲ್ಲ ಸರಿಯಿದ್ದರೆ ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಹೆಬ್ಬೆರಳು ಎತ್ತಿದರೆ ಮೇಲೆ ಕರೆದುಕೊಂಡು ಹೋಗು ಎಂದರ್ಥ. ಅತ್ತೆ ತಲೆಯಾಡಿಸಿದಳು. ನಾನು ಕಿವಿನೋವಿನ ನೆಪ ಹೇಳಿ ದೋಣಿಯಲ್ಲೇ ಉಳಿದೆ. ನನ್ನ ಕಿವಿಗಳು ಅಂದು ಗೋವಾದಲ್ಲೇ ಅತ್ಯಂತ ಆರೋಗ್ಯವಂತ ಕಿವಿಗಳಾಗಿದ್ದವು ಎಂಬುದು ಬೇರೆ ಮಾತು.

ಅತ್ತೆ, ಗುರು ಇಬ್ಬರೂ ಮುಳುಗಿದರು. ಒಂದು ನಿಮಿಷಕ್ಕೆ ಇಬ್ಬರೂ ಮೇಲೆ ಬಂದರು.

"ಏನಾಯ್ತು ಮೌಶಿ?"

"ಏನೂ ಇಲ್ರಿ. ಹಳದಿ ಮೀನ ಭಾಳ ಚಲೋ ಇತ್ತು, ಅದಕ್ಕ ಹೆಬ್ಬಟ್ಟು ತೋರ್ಸಿದ್ನಿ."

ಮತ್ತೆ ಮುಳುಗಿದರು, ಮತ್ತೆ ಬಂದರು. ಈ ಸಲ ಪಟ್ಟೆಪಟ್ಟೆಯ ಮೀನು ಚಲೋ ಇತ್ತಂತೆ. ಮೂರನೆಯ ಸಲ ಕಲ್ಲೇ ಚಲೋ ಇತ್ತಂತೆ. ವಾಟ್ಸಾಪಿನಲ್ಲಿ ಸತ್ತ ಸುದ್ದಿಗೂ ಹೆಬ್ಬೆರಳು ಒತ್ತುವ ಹೆಂಗಸು ಮೀನಿಗೆ ಒತ್ತದೆ ಬಿಟ್ಟಾಳೆಯೆ?

"ಮೌಶಿ, ಇನ್ನೊಂದೇ ಸಲ," ಎಂದ ಅವನು. "ಉಳಿದವರೂ ಇಳಿಯಬೇಕಲ್ಲ."

ಅತ್ತೆಯ ಮುಖ ಸಣ್ಣದಾಯಿತು. ವಲ್ಲಿಯನ್ನು ಬಿಚ್ಚಿ ನನ್ನತ್ತ ಎಸೆದಳು. "ಇದರ ಅಂಚು ಹರಿ," ಎಂದಳು. ಹರಿದುಕೊಟ್ಟೆ. ಬಲಗೈಯ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ ಆ ಪಟ್ಟಿಯಿಂದ ಕಟ್ಟಿಸಿಕೊಂಡಳು. ಎಡಗೈಯನ್ನು ಗುರುವಿನ ಕೈಗೆ ಕೊಟ್ಟು, "ಇದನ್ನ ಗಟ್ಟಿ ಹಿಡೀರಿ, ನನ್ನ ಮ್ಯಾಲೆ ನನಗ ನಂಬಿಕಿಲ್ಲ," ಎಂದು ಮುಳುಗಿದಳು.

ಐದು ನಿಮಿಷವಾಯಿತು. ಹತ್ತಾಯಿತು. ಗುಳ್ಳೆಗಳು ದ್ವೀಪದ ಬಂಡೆಗಳ ಕಡೆ ಸರಿದು, ಅಲೆಯಲ್ಲಿ ಕಾಣದಾದವು. ಅಷ್ಟು ಹೊತ್ತು ನಗುತ್ತಿದ್ದ ನಾನು ಎದ್ದು ನಿಂತೆ. ಈಜು ಬಾರದ ಹೆಂಗಸಿನ ಹೆಬ್ಬೆರಳು ಕಟ್ಟಿ ಕಳಿಸಿದವನು ನಾನೇ ಅಲ್ಲವೆ? ಏನಾದರೂ ಆದರೆ ಮನೆಯಲ್ಲಿ ಏನು ಹೇಳಲಿ? ದೋಣಿಯ ಅಂಚು ಹಿಡಿದು ಬಗ್ಗಿ ಬಗ್ಗಿ ನೋಡಿದೆ.

ಇಪ್ಪತ್ತು ನಿಮಿಷಕ್ಕೆ ಅತ್ತೆಯ ತಲೆ ಮೇಲೆ ಬಂತು. ನಾನೇ ಕೈಹಿಡಿದು ಎಳೆದುಕೊಂಡೆ. ಮೀನಿನ ಸುದ್ದಿಯಿಲ್ಲ, ಕಲ್ಲಿನ ಸುದ್ದಿಯಿಲ್ಲ. ಹೆಬ್ಬೆರಳಿನ ಪಟ್ಟಿಯನ್ನೂ ಬಿಚ್ಚದೆ ಕುಳಿತುಬಿಟ್ಟಳು.

"ಅತ್ತಿ, ಕಿವ್ಯಾಗ ನೀರು ಹೋತೇನು?"

"ಇಲ್ಲೋ. ಕಿವಿ ಹಗುರ ಆಗ್ಯಾವ." ಮೆಲ್ಲಗೆ ಹೇಳಿದಳು. "ಅಲ್ಲಿ ಯಾರೂ ನನ್ನ ಕರೀಲಿಲ್ಲ ನೋಡು. ಬಾಯಿ ಇಲ್ಲಿ ಬಾ, ಬಾಯಿ ಅದು ತಾ ಅಂತ ಒಬ್ರೂ ಅನ್ಲಿಲ್ಲ."

ದೋಣಿ ದಡದತ್ತ ತಿರುಗಿತು. ಅತ್ತೆ ಒದ್ದೆ ತಲೆಯನ್ನು ನನ್ನ ಹೆಗಲಿಗೆ ಆನಿಸಿ ಹಾಗೇ ನಿದ್ದೆಹೋದಳು. ಹಗಲಿನಲ್ಲಿ ಆಕೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಕೆಯ ಕೈಚೀಲದೊಳಗೆ ಫೋನ್ ಬಡಿದುಕೊಳ್ಳತೊಡಗಿತು. ಗೆಸ್ಟ್ ಹೌಸಿನ ಒಡತಿಯ ಹೆಸರು ಕಂಡಿತು. ನಾನು ಅದರ ಸದ್ದು ಅಡಗಿಸಿ, ಚೀಲದ ತಳಕ್ಕೆ ತುರುಕಿ, ದೋಣಿ ನಡೆಸುವವನಿಗೆ ಸ್ವಲ್ಪ ನಿಧಾನ ಹೋಗಲು ಕೈಮಾಡಿದೆ.