ಮಧುಸೂದನನ ಉದಾಹರಣೆ ವಾಕ್ಯಗಳು

ಆರೇ ತಿಂಗಳು! ಅಷ್ಟರೊಳಗೆ ಐರ್ಲೆಂಡಿನವರೇ ತನ್ನ ಇಂಗ್ಲಿಷ್ ಕೇಳಿ ಬೆರಗಾಗಬೇಕು ಎಂದು ಅಲ್ಲಿನ ಸ್ಯಾಂಟ್ರಿ ಬಡಾವಣೆಯ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಲುಂಗಿ ಎತ್ತಿ ಕಟ್ಟಿ ಮಧುಸೂದನ ಭೀಷ್ಮಪ್ರತಿಜ್ಞೆ ಮಾಡಿದ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗ್ರಾಹಕರ ಫೋನಿಗೆ ಉತ್ತರಿಸುವ ಕೆಲಸ ಅವನದು. ವರ್ಕ್ ಪರ್ಮಿಟ್ ಮಾರ್ಚಿಗೆ ಮುಗಿಯುತ್ತಿತ್ತು. ಕಂಪನಿ ಮತ್ತೆ ಅರ್ಜಿ ಹಾಕಿದರೆ ಉಳಿಗಾಲ, ಇಲ್ಲವಾದರೆ ಗಂಟುಮೂಟೆ.

ಶಾಲೆಯಿಂದಲೂ ಇಂಗ್ಲಿಷಿನಲ್ಲಿ ತರಗತಿಗೇ ಮೊದಲಿಗನಾಗಿದ್ದವನನ್ನು ಇಲ್ಲಿ ಕಾಡಿದ್ದು ಚಿಳ್ಳೆಪಿಳ್ಳೆ ಪದಗಳು. ಗಿವ್ ಅಂದರೆ ಕೊಡು, ಸರಿ. ಗಿವ್ ಅಪ್ ಅಂದರೆ ಕೈಬಿಡು, ಗಿವ್ ಇನ್ ಅಂದರೆ ಸೋಲೊಪ್ಪು, ಈ ಊರಿನಲ್ಲಿ ಗಿವ್ ಔಟ್ ಅಂದರೆ ಬೈಯುವುದು! ಬಾಲ ಬದಲಾದರೆ ಇಡೀ ಪ್ರಾಣಿಯೇ ಬೇರೆ. ಅದಕ್ಕೇ ಒಂದು ನೋಟ್‌ಬುಕ್ ಮಾಡಿ, ಒಂದೊಂದಕ್ಕೂ ದಿನಬಳಕೆಯ ವಾಕ್ಯ ಬರೆದ. ದಿನಬಳಕೆಗೆ ಅವನಿಗೆ ಸಿಕ್ಕಿದ್ದು ಹೆಂಡತಿ. ‘ವಿನೋದಿನಿ ಗಿವ್ಸ್ ಔಟ್ ಟು ಮಿ ಎವ್ರಿ ಸಂಡೇ.’ ‘ಐ ಪುಟ್ ಅಪ್ ವಿತ್ ವಿನೋದಿನೀಸ್ ಉಪ್ಪಿಟ್ಟು’, ಅಂದರೆ ಹೇಗೋ ಸಹಿಸಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ಭಾವಮೈದುನನನ್ನೂ ಬಿಡಲಿಲ್ಲ: ‘ಲೋಹಿತ್ ಹ್ಯಾಂಗ್ಸ್ ಅರೌಂಡ್ ಆಲ್ ಡೇ.’

ವಿನೋದಿನಿಗೆ ಈ ವಾಕ್ಯಗಳ ವಿಷಯ ಗೊತ್ತಿರಲಿಲ್ಲ. ಎಂ.ಎಸ್ಸಿ. ಮಾಡಿದ್ದರೂ ಗಂಡನ ಪರ್ಮಿಟ್ಟಿನ ಮೇಲೆ ಬಂದವಳಿಗೆ ಇಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ. ಕಿಟಕಿಯಾಚೆ ಏಳುತ್ತಿದ್ದ ಹೊಸ ಕಟ್ಟಡಗಳ ಕ್ರೇನು ನೋಡುತ್ತ ದಿನ ಕಳೆಯುತ್ತಿದ್ದಳು. ಅಡುಗೆಮನೆಯಲ್ಲೂ ಇಂಥ ಪದಗಳೇ ನಡೆಯಬೇಕೆಂದು ಗಂಡ ಕಾನೂನು ತಂದಾಗ ಎರಡು ದಿನ ಮಾತೇ ಬಿಟ್ಟಿದ್ದಳು.

ಆಫೀಸಿನಲ್ಲಿ ಮ್ಯಾನೇಜರ್ ಡೆಕ್ಲನ್ ನೋಟ್‌ಬುಕ್ ಕಂಡು ಹಿಗ್ಗಿದ. ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ, ಟೈಪ್ ಮಾಡಿ ಕೊಡು ಅಂದ. ಮೇಲಿನವರು ಬೆನ್ನು ತಟ್ಟಿದರೆ ಏಕೆ, ಯಾರಿಗೆ ಎಂದು ಕೇಳುವ ಅಭ್ಯಾಸ ನಮ್ಮವರಿಗೆ ಎಲ್ಲಿದೆ! ಪರ್ಮಿಟ್ಟು ಕೈಗೆ ಬಂದೇ ಬಂತೆಂದು ಮಧುಸೂದನ ಎರಡು ವಾರಾಂತ್ಯ ಕೂತು, ಒಂದಕ್ಷರವೂ ಬಿಡದೆ ಟೈಪ್ ಮಾಡಿ ಒಪ್ಪಿಸಿದ.

ಫೆಬ್ರವರಿಯ ಒಂದು ಭಾನುವಾರ ಲೋಹಿತನ ಫೋನು ಬಂತು. ಐರ್ಲೆಂಡಿನ ಗ್ರಾಹಕರ ಜೊತೆ ಮಾತಾಡುವ ಕೆಲಸ ಬೆಂಗಳೂರಿನಲ್ಲೇ ಸಿಕ್ಕಿತ್ತು, ತರಬೇತಿಯೂ ಶುರುವಾಗಿತ್ತು.

“ಅಕ್ಕಾ, ಇಲ್ಲಿ ಕೊಟ್ಟಿರೋ ನೋಟ್ಸಲ್ಲಿ ನಿನ್ನ ಉಪ್ಪಿಟ್ಟು ಐತೆ. ನಲವತ್ತು ಜನ ಒಟ್ಟಿಗೆ ಬಾಯಿಪಾಠ ಮಾಡ್ತಿದೀವಿ. ನನ್ನ ಬಗ್ಗೆನೂ ಐತೆ. ಅದನ್ನ ನನ್ ಕೈಲೇ ಓದಿಸಿದ್ರು.”

ವಿನೋದಿನಿ ಫೋನಿಟ್ಟು ಗಂಡನ ಕಡೆ ತಿರುಗಿದಳು. ಆಮೇಲೆ ನಡೆದದ್ದಕ್ಕೆ ಉದಾಹರಣೆ ವಾಕ್ಯ ಯಾವ ಭಾಷೆಯಲ್ಲೂ ಇಲ್ಲ. ಆದರೆ ಬೈಗುಳ ಮಧುಸೂದನನ ಕಿವಿಗೇ ಬೀಳಲಿಲ್ಲ. ತನ್ನ ನೋಟ್ಸು ಬೆಂಗಳೂರಿಗೇಕೆ ಹೋಯಿತು ಎಂದು ಅವನು ಲೆಕ್ಕ ಹಾಕುತ್ತಿದ್ದ.

ಮರುದಿನ ಡೆಕ್ಲನ್ ಕರೆದು ಕೂರಿಸಿದ. ನೋಟ್ಸು ಗ್ರ್ಯಾಂಡ್ ಅಂದ. ಅದರಿಂದ ಬೆಂಗಳೂರಿನವರು ಮೂರೇ ವಾರದಲ್ಲಿ ತಯಾರಾಗುತ್ತಿದ್ದಾರೆ, ಮಾರ್ಚಿನಿಂದ ಸ್ಯಾಂಟ್ರಿಯ ಫೋನುಗಳೆಲ್ಲ ಅಲ್ಲಿಗೇ ಹೋಗುತ್ತವೆ, ಪರ್ಮಿಟ್ಟಿಗೆ ಇನ್ನು ಅರ್ಜಿ ಹಾಕುವುದಿಲ್ಲ ಅಂದ. ಅಷ್ಟನ್ನೂ ನಗುತ್ತಲೇ ಹೇಳಿ ಕೈ ಕುಲುಕಿದ. ಆದರೂ ಮಧುಸೂದನ ಥ್ಯಾಂಕ್ಸ್ ಹೇಳಿಯೇ ಎದ್ದ.

ಮನೆಗೆ ಬಂದು ಎಲ್ಲ ಹೇಳಿದ. ವಿನೋದಿನಿ ಈ ಸಲ ಬೈಯಲಿಲ್ಲ. ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದಳು.

“ನನ್ನ ತಮ್ಮನಿಗೆ ಎಲ್ಲಾದ್ರೂ ಒಂದು ಕೆಲಸ ಕೊಡಿಸಿ ಅಂತ ನಾಲ್ಕು ವರ್ಷದಿಂದ ಬಾಯಿ ಬಡ್ಕೊಂಡೆ,” ಅಂದಳು. “ಕೊನೆಗೂ ಕೊಡಿಸಿದ್ರಿ. ನಿಮ್ಮದನ್ನೇ.”