ನನ್ನ ಏಕಾಶನವೂ ಡಾಕ್ಟರರ ಟೇಪೂ

ಹೊಟ್ಟೆ ಕರಗಿಸುವುದು ಕಷ್ಟ ಎನ್ನುವವರಿಗೆ ಮನೋನಿಗ್ರಹವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯವಾಗಿತ್ತು. ಹೋದ ಶ್ರಾವಣದವರೆಗೆ!

ಆಗ ಮಿರಜದ ಡಾಕ್ಟರು ನನ್ನನ್ನೂ ಹೆಂಡತಿ ಪದ್ಮಾಳನ್ನೂ ನಿಲ್ಲಿಸಿ ಸೊಂಟಕ್ಕೆ ಟೇಪು ಸುತ್ತಿದರು.

"ತೂಕಕ್ಕಿಂತ ಈ ಸುತ್ತಳತೀದ ಕಾಳಜಿ ಜಾಸ್ತಿ ನೋಡ್ರಿ. ಹೊಟ್ಟಿ ಒಳಗಿನ ಕೊಬ್ಬು ಸಕ್ಕರಿ ಬ್ಯಾನಿ ತರ್ತೈತಿ. ಇಬ್ಬರೂ ದಿನಾ ನಡೀರಿ, ಹಿತಮಿತ ಉಣ್ರಿ. ದೀಪಾವಳಿ ಮುಗಿಸಿ ಬರ್ರಿ. ಇಳೀಲಿಲ್ಲಂದ್ರ ಗುಳಿಗಿ ಚಾಲೂ, ಹೋಳಿಗಿ ಬಂದ್!"

ಹೋಳಿಗೆ ಇಲ್ಲದ ಬಾಳು!

ಕೂಡಲೇ ನಿರ್ಧರಿಸಿದೆ. ದಿನಕ್ಕೆ ಒಂದೇ ಊಟ. ಸಾಂಗಲಿ ಪೇಟೆಯ ನನ್ನ ಅರಿಷಿಣ ಅಂಗಡಿಗೆ ನಡಿಗೆ.

"ಹಿತಮಿತ ಅಂದ್ರರಿ ಅವರು, ಉಪವಾಸ ಅನ್ನಲಿಲ್ಲ," ಎಂದಳು ಪದ್ಮಾ. ಅವಳಿಗೇನು ಗೊತ್ತು ವಿಜ್ಞಾನ!

ಮರುದಿನ ಎದುರುಮನೆಯ ಕುಸುಮ ಕಾಕು ಅವಲಕ್ಕಿ ತಂದರು. "ಬ್ಯಾಡ್ರಿ ಕಾಕು, ಈಗ ನಂದು ಒಂದ ಊಟ," ಎಂದೆ. ಹೊಟ್ಟೆಯ ಸಲುವಾಗಿ ಎನ್ನಲು ನಾಚಿಕೆಯಾಯಿತು. ಕಾಕು ತಟ್ಟೆ ಕೆಳಗಿಟ್ಟು ಕೈ ಮುಗಿದರು.

"ಏಕಾಶನ ಹಿಡದೀರೇನ್ರಿ? ನಮ್ಮ ಓಣಿ ಪುಣ್ಯಾ!"

ನಮ್ಮ ಜೈನರಲ್ಲಿ ದಿನಕ್ಕೆ ಒಂದೇ ಸಲ ಕುಳಿತು ಉಣ್ಣುವ ವ್ರತ ಅದು. ಆ ವ್ರತಿಗೆ ಉಣಬಡಿಸಿದರೂ ಪುಣ್ಯ. ಸಂಜೆಯೊಳಗೆ ಸುದ್ದಿ ಬಸದಿ ಮುಟ್ಟಿತು. ದಿನಕ್ಕೊಂದು ಮನೆಯ ಆಮಂತ್ರಣ ಶುರುವಾಯಿತು.

ಮೊದಲ ಊಟ ಕಾಕುವಿನ ಮನೆಯಲ್ಲಿ. ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಖೀರು. ಸಾಕು ಎಂದರೆ ಕೇಳುವವರಾರು?

"ಎದ್ದ ಮ್ಯಾಲ ನಾಳಿ ತನಕಾ ಏನೂ ಇಲ್ಲರಿ. ಕುಂತಾಗನ ಉಣ್ರಿ!"

ತರ್ಕ ಅಭೇದ್ಯವಾಗಿತ್ತು. ನಾನೂ ಹೆಚ್ಚು ವಾದಿಸಲಿಲ್ಲ.

ನಡಿಗೆಯೂ ನಿಂತಿತು. ವ್ರತಸ್ಥ ಬಿಸಿಲಲ್ಲಿ ನಡೆಯುವುದೇ? ಕಾಕುವಿನ ಮಗ ಸುಕುಮಾರ ಸ್ಕೂಟರ್ ತಂದು, "ಬಸಾ ಕಾಕಾ, ಬಸಾ!" ಎಂದು ಮರಾಠಿಯಲ್ಲಿ ಕರೆದು ಕೂರಿಸಿಕೊಳ್ಳುತ್ತಿದ್ದ. ಅಂಗಡಿಗೂ ಅವನೇ, ಊಟದ ಮನೆಗೂ ಅವನೇ. ಹಿಂದಿನ ಸೀಟೆಲ್ಲ ನನ್ನಿಂದಲೇ ತುಂಬುತ್ತಿದ್ದುದರಿಂದ ಪದ್ಮಾ ಹಿಂದೆ ಉಳಿಯುತ್ತಿದ್ದಳು.

"ಖರೇ ಹೇಳಿಬಿಡ್ರಿ," ಎಂದಳು ಒಂದು ದಿನ. ಹೇಗೆ ಹೇಳಲಿ? ಅಷ್ಟರಲ್ಲಿ ಬಸದಿಯಲ್ಲಿ ಶಾಲು ಹೊದಿಸಿಬಿಟ್ಟಿದ್ದರು!

ದೀಪಾವಳಿ ಮುಗಿಯಿತು. ಡಾಕ್ಟರು ಮತ್ತೆ ಟೇಪು ಸುತ್ತಿದರು. ಇನ್ನೊಮ್ಮೆ ಸುತ್ತಿದರು. ಟೇಪಿನ ಮೇಲೆಯೇ ಅನುಮಾನ ಬಂದಂತೆ ನೋಡಿದರು.

"ಏರೈತಲ್ರಿ! ಏನ್ ಮಾಡಿದ್ರಿ?"

"ಉಪವಾಸರಿ."

ಪದ್ಮಾಳ ಸರದಿ ಬಂದಾಗ ಅವರ ಮುಖ ಅರಳಿತು. "ಶಾಬಾಶ್ ವೈನಿ, ಭಾಳ ಇಳದೈತಿ! ನೀವೇನ್ ಮಾಡಿದ್ರಿ?"

"ಏನಿಲ್ಲರಿ. ಇವರು ಗಾಡಿ ಮ್ಯಾಲ ಉಪವಾಸಕ್ಕ ಹೋಗ್ತಿದ್ರು. ನಾ ಹಿಂದಿಂದ ನಡಕೋತ ಹೋಗ್ತಿದ್ದೆ."

ನನಗೆ ಗುಳಿಗೆ ಬರೆದುಕೊಟ್ಟರು.

ಮರುದಿನ ಸುಕುಮಾರ ಎಂದಿನಂತೆ ಸ್ಕೂಟರ್ ನಿಲ್ಲಿಸಿದ. ನಾನು ಚಪ್ಪಲಿ ಮೆಟ್ಟುವುದರೊಳಗೆ ಪದ್ಮಾ ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು.

"ಕಾಕು ತಂಗಿ ಮನ್ಯಾಗ ಇವತ್ತ ಹೋಳಿಗಿ ಊಟ ಐತಿ, ನಿಮ್ಮ ಬದಲಿ ನಾ ಹೋಗಿ ಬರ್ತೇನಿ. ನೀವು ಗುಳಿಗಿ ತರಾಕ ನಡಕೋತ ಹೋಗ್ರಿ!"